ನಾಲೆ ಹರಿಸಿದರು, ಜಿಲ್ಲೆ ಮಾಡಿದರು, ಬಾವುಟ ತಡೆದರು

ಸಂತೆಬಾಚಹಳ್ಳಿ, ಕಿಕ್ಕೇರಿ ಕಡೆಯಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗೋರಿಗೆ ಒಂದು ವಿಚಾರವನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿದ ಕಡೆ ರಾಗಿ, ಹುರುಳಿ, ತೆಂಗು. ಇಳಿಯೋ ಕಡೆ ಕಬ್ಬು, ಭತ್ತ, ಆಲೆಮನೆ ಹೊಗೆ. ಒಂದೇ ಜಿಲ್ಲೆ, ಒಂದೇ ಮಾತು, ಒಂದೇ ಮುದ್ದೆ. ಆದರೆ ನೆಲದ ಬಣ್ಣ ಬೇರೆ, ಅಂಗಡಿಯ ಗಲ್ಲಾಪೆಟ್ಟಿಗೆಯ ತೂಕ ಬೇರೆ.

ಈ ಜಿಲ್ಲೆ ಹೀಗೆ ಒಂದಾಗಿದ್ದಕ್ಕೂ, ಒಳಗೇ ಹೀಗೆ ಎರಡಾಗಿ ಕಾಣೋದಕ್ಕೂ ಸಂಬಂಧಪಟ್ಟ ಒಬ್ಬ ದೊಡ್ಡ ಮನುಷ್ಯರಿದ್ದಾರೆ. ಅವರೇ ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ, ಹದಿನೈದು ವರ್ಷ ಮೈಸೂರು ಸಂಸ್ಥಾನದ ದಿವಾನರು. ಬೃಂದಾವನ ಕಟ್ಟಿಸಿದವರು ಅಂತ ಮಕ್ಕಳಿಗೂ ಗೊತ್ತು. ಮಂಡ್ಯವನ್ನ ಜಿಲ್ಲೆ ಮಾಡಿದ್ದೂ ಅವರ ಆಡಳಿತದಲ್ಲೇ ಅನ್ನೋದು ಎಷ್ಟೋ ಜನರಿಗೆ ಮರೆತುಹೋಗಿದೆ. ಅದೇ ಆಡಳಿತದಲ್ಲಿ ಶಿವಪುರದಲ್ಲಿ ಬಾವುಟ ಏರಿಸಿದವರು ಜೈಲಿಗೆ ಹೋದರು ಅನ್ನೋದನ್ನ ಹೊಗಳೋರು ಹೇಳೋದಿಲ್ಲ. ನಾಲೆ ಹರಿಸಿದ್ದನ್ನ ತೆಗಳೋರು ಹೇಳೋದಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದರೇ ಮನುಷ್ಯ ಕಾಣೋದು.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಸಾಹೇಬರ ತಾತ ಅಲಿ ಅಸ್ಕರ್ ಪರ್ಷಿಯಾ ದೇಶದ ಶಿರಾಜ್ ಪಟ್ಟಣದವರು. ಹರೆಯದಲ್ಲೇ ಕುದುರೆ ವ್ಯಾಪಾರಕ್ಕೆ ಅಂತ ಬೆಂಗಳೂರಿಗೆ ಬಂದು ಇಲ್ಲೇ ನಿಂತರು. ಮುಮ್ಮಡಿ ಕೃಷ್ಣರಾಜ ಒಡೆಯರ ಲಾಯಕ್ಕೆ ಕುದುರೆ ಒದಗಿಸಿ ಹೆಸರು ಮಾಡಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. ತಂದೆ ಆಗಾ ಜಾನ್ ಅರಮನೆ ನೌಕರಿಯಲ್ಲಿದ್ದರು. ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ.

ಅದೃಷ್ಟ ಅಂದರೆ ಇದು: ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರಾಗಿ ಹೆಸರಾದ ಬಾಲಕ ಮಹಾರಾಜರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದೋ ಅವಕಾಶ ಸಿಕ್ಕಿತು. ಆ ಸ್ನೇಹ ಕೊನೇವರೆಗೂ ಉಳಿಯಿತು. ಆದರೆ ಸ್ನೇಹ ಇದೆ ಅಂತ ನೆಟ್ಟಗೆ ಮೇಲಿನ ಕುರ್ಚಿಗೆ ಏರಿದವರಲ್ಲ. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಪೊಲೀಸ್ ಇಲಾಖೆಯ ನೌಕರಿಗೆ ಸೇರಿದರು. 1914ರಲ್ಲಿ ಹುಜೂರ್ ಸೆಕ್ರೆಟರಿ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿ, 1926ರ ಮೇ ತಿಂಗಳಲ್ಲಿ ದಿವಾನರು. ಮೆಟ್ಟಿಲು ಮೆಟ್ಟಿಲೇ ಹತ್ತಿ ಬಂದದ್ದು. ವಿಶ್ವೇಶ್ವರಯ್ಯನವರು ದಿವಾನಗಿರಿ ಮಾಡೋ ಕಾಲದಲ್ಲಿ ಅವರ ಕೆಲಸ ಹತ್ತಿರದಿಂದ ಕಂಡು ಕಲಿತವರು. ಕಾರ್ಖಾನೆ ಹಾಕಬೇಕು ಅನ್ನೋದನ್ನ ಅಲ್ಲಿಂದ ಕಲಿತರು. ಊರು ಅಂದವಾಗಿರಬೇಕು ಅನ್ನೋ ಹಟ ಮಾತ್ರ ಸ್ವಂತದ್ದು.

ಬೆಳಗ್ಗೆ ಬೀದಿ, ಆಮೇಲೆ ಕಚೇರಿ

ಈಗಿನ ಕಾಲದಲ್ಲಿ ಮೋರಿ ಕಟ್ಟಿಕೊಂಡಿದೆ ಅಂತ ಹೇಳೋಕೆ ಪುರಸಭೆ ಕಚೇರಿಗೆ ಮೂರು ಸಲ ಅಲೆಯಬೇಕು. ಮಿರ್ಜಾ ಸಾಹೇಬರ ಕಾಲದಲ್ಲಿ ಮೋರಿ ನೋಡೋಕೆ ದಿವಾನರೇ ಬರುತ್ತಿದ್ದರು. ಬೆಳಗಿನ ಜಾವ ಬೆಂಗಳೂರು, ಮೈಸೂರಿನ ಬೀದಿ ಸುತ್ತೋದು ಅವರ ನಿತ್ಯದ ಅಭ್ಯಾಸ. ಎಲ್ಲಿ ಕಸ ಬಿದ್ದಿದೆ, ಯಾವ ದೀಪ ಕೆಟ್ಟಿದೆ, ಯಾವ ಮರ ಒಣಗಿದೆ, ಯಾರು ಬೀದಿ ಒತ್ತುವರಿ ಮಾಡಿದ್ದಾರೆ, ಎಲ್ಲಾ ಕಣ್ಣಾರೆ ನೋಡಿ ಗುರುತು ಮಾಡಿಕೊಳ್ಳೋರು. ಆಮೇಲೆ ಸಂಬಂಧಪಟ್ಟ ಅಧಿಕಾರಿಗೆ ಚೀಟಿ ಹೋಗುತ್ತಿತ್ತು. ಮತ್ತೆ ಆ ದಾರಿಯಲ್ಲಿ ಬಂದಾಗ ಕೆಲಸ ಆಗಿದೆಯೋ ಇಲ್ಲವೋ ಅಂತ ನೋಡೋರು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಬಿಡದೆ ಮಾಡಿದ್ದೇ ದೊಡ್ಡದು.

ಮೈಸೂರಿನಲ್ಲಿ ಊರು ಅಭಿವೃದ್ಧಿಗೆ ಅಂತ ಟ್ರಸ್ಟ್ ಬೋರ್ಡ್ 1903ರಲ್ಲೇ ಹುಟ್ಟಿತ್ತು. ಅಗಲ ರಸ್ತೆ, ಸರ್ಕಲ್ಲು, ಸಾಲುಮರ, ಸಾಲುದೀಪ ಅಂತ ಮೈಸೂರಿಗೆ ಬಂದ ಹೆಸರಿನಲ್ಲಿ ಮಿರ್ಜಾ ಸಾಹೇಬರ ಪಾಲು ದೊಡ್ಡದು. ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ 1935ರಲ್ಲಿ ಬಾಗಿಲು ತೆರೆದದ್ದೂ ಇದೇ ಕಾಲದಲ್ಲಿ. ಕನ್ನಂಬಾಡಿ ಕಟ್ಟೆ ಕೆಳಗಿನ ಜಾಗದಲ್ಲಿ ಬೃಂದಾವನ ತೋಟ ಬೆಳೆಸಿದರು. ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಕೈ ಅದರಲ್ಲಿತ್ತು. ಬರೀ ಕಟ್ಟೆ ನೋಡೋಕೆ ಎಷ್ಟು ಜನ ಬರುತ್ತಿದ್ದರು? ತೋಟ ಬಂತು, ಜನ ಬಂದರು, ಜನರ ಹಿಂದೆ ಕಡಲೆಕಾಯಿ ಮಾರೋನಿಂದ ಹಿಡಿದು ಹೋಟೆಲಿನವರೆಗೆ ವ್ಯಾಪಾರ ಬಂತು. ಶ್ರೀರಂಗಪಟ್ಟಣದ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಊರಾಡಳಿತದ ಕಾಯಿದೆಗಳೂ ಆ ಕಾಲದಲ್ಲಿ ಬದಲಾದವು. 1926ರಲ್ಲಿ ಗ್ರಾಮ ಪಂಚಾಯಿತಿಗೂ ಜಿಲ್ಲಾ ಬೋರ್ಡಿಗೂ ಹೊಸ ಕಾಯಿದೆ ಬಂತು. 1933ರಲ್ಲಿ ಪಟ್ಟಣದ ಮುನಿಸಿಪಾಲಿಟಿಗಳ ಕಾಯಿದೆ. ಸಂತೆ ಸುಂಕ ಎತ್ತೋದು, ಬೀದಿ ದೀಪ ಹಾಕಿಸೋದು, ಬಾವಿ ಕಟ್ಟಿಸೋದು, ಇವೆಲ್ಲಾ ಊರಿನವರ ಕೈಯಲ್ಲೇ ನಡೆಯಬೇಕು ಅನ್ನೋ ಮಾತು ಕಾಗದದ ಮೇಲೆ ಬಂತು. ಕಾಗದದಿಂದ ಬೀದಿಗೆ ಬರೋಕೆ ಮಾತ್ರ ಮೇಲಿನವರ ಕಣ್ಣು ಬೇಕಾಗಿತ್ತು. ಬೆಂಗಳೂರು, ಮೈಸೂರಿನ ಬೀದಿಗೆ ದಿವಾನರ ಕಣ್ಣು ದಿನಾ ಬೀಳುತ್ತಿತ್ತು. ಹೋಬಳಿ ಊರಿಗೆ ಶೇಕದಾರರ ಕಣ್ಣು ಬಿದ್ದರೆ ಅದೇ ಪುಣ್ಯ. ಊರ ಅಲಂಕಾರಕ್ಕೆ ಸುರಿಯೋ ಹಣ ಹಳ್ಳಿಗೆ ಯಾಕಿಲ್ಲ ಅನ್ನೋ ಟೀಕೆ ಅವರ ಕಾಲದಲ್ಲೇ ಎದ್ದಿತ್ತು. ಅದು ಸುಳ್ಳು ಟೀಕೆಯೂ ಅಲ್ಲ.

ನಾಲೆ ಬಂತು, ಗಲಾಟೆಯೂ ಬಂತು

ಹಾಗಂತ ಹಳ್ಳಿಗೆ ಏನೂ ಮಾಡಲಿಲ್ಲ ಅಂದರೆ ಮಂಡ್ಯದವರೇ ನಗುತ್ತಾರೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿತ್ತು. ನೀರು ನಿಂತರೆ ಸಾಲದು, ಹೊಲಕ್ಕೆ ಹರಿಯಬೇಕು. ಅದಕ್ಕೆ ದೊಡ್ಡ ನಾಲೆ ಬೇಕು. ಮಿರ್ಜಾ ಸಾಹೇಬರು ದಿವಾನರಾದ ಮೇಲೆ ಆ ನಾಲೆ ಕೆಲಸ ಕೈಗೆತ್ತಿಕೊಂಡರು. ಹುಲಿಕೆರೆ ಹತ್ತಿರ ಗುಡ್ಡ ಅಡ್ಡ ಬಂತು. ಗುಡ್ಡ ಸುತ್ತೋ ಬದಲು ಕೊರೆದು ಸುರಂಗದಲ್ಲೇ ನೀರು ಸಾಗಿಸಿದರು. 1930ರ ದಶಕದ ಆರಂಭದಲ್ಲಿ ನೀರು ಮಂಡ್ಯದ ಬಯಲು ಸೇರಿತು. ಆಗಿನ ವೈಸ್‌ರಾಯ್ ಹೆಸರಿಟ್ಟು ಇರ್ವಿನ್ ನಾಲೆ ಅಂದರು. ಈಗ ಅದೇ ವಿಶ್ವೇಶ್ವರಯ್ಯ ನಾಲೆ. ಬರ ಬಂದರೆ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಲಕ್ಷಾಂತರ ಎಕರೆಗೆ ನೀರಿನ ಆಸೆ ಹುಟ್ಟಿತು.

ನೀರು ಬಂದ ಮೇಲೆ ಬೆಳೆ, ಬೆಳೆ ಬಂದ ಮೇಲೆ ಗಿರಾಕಿ ಬೇಕಲ್ಲ! ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್, ದೂರದ ಉತ್ತರದ ಕೆನಡಾ ದೇಶದಿಂದ ಬಂದವರು, ಕಬ್ಬಿನ ಲೆಕ್ಕ ಹಾಕಿ ಸಕ್ಕರೆ ಕಾರ್ಖಾನೆಗೆ ದುಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸರ್ಕಾರದ ಜೊತೆ ರೈತರೂ ಷೇರುದಾರರಾದರು. ಕಾರ್ಖಾನೆ ಮಂಡ್ಯದಲ್ಲೇ ಯಾಕೆ ಅಂದರೆ ಕಾರಣ ಸುಲಭ. ಒಂದು ಕಡೆ ನಾಲೆ, ಇನ್ನೊಂದು ಕಡೆ ಬೆಂಗಳೂರು ಮೈಸೂರಿನ ರೈಲು. ಕಬ್ಬು ಗಾಡಿಯಲ್ಲಿ ಬರಬೇಕು, ಮೂಟೆ ರೈಲಿನಲ್ಲಿ ಹೋಗಬೇಕು. ಅಲ್ಲಿಂದ ಮುಂದೆ ಮಂಡ್ಯ ಪೇಟೆ ಬೆಳೆದದ್ದು ಕಣ್ಣ ಮುಂದಿನ ಕಥೆ. ಕೂಲಿ ಬಟವಾಡೆಯಾದ ದಿನ ಬಟ್ಟೆ ಅಂಗಡಿಗೂ ಹಬ್ಬ, ದಿನಸಿ ಅಂಗಡಿಗೂ ಹಬ್ಬ. ಅದೇ ಕಾರ್ಖಾನೆ ಈಚಿನ ವರ್ಷಗಳಲ್ಲಿ ನಿಂತು, ಮತ್ತೆ ಶುರುವಾದಾಗ ಪೇಟೆಯವರಿಗೆ ಅದರ ಬೆಲೆ ಏನು ಅಂತ ಇನ್ನೊಮ್ಮೆ ಗೊತ್ತಾಯಿತು.

ನಾಲೆ ಸುಮ್ಮನೆ ಬರಲಿಲ್ಲ, ಬಿಲ್ಲಿನ ಜೊತೆಗೇ ಬಂತು. ನೀರು ಬೀಳೋ ಜಮೀನಿಗೆ ಎಕರೆ ಲೆಕ್ಕದಲ್ಲಿ ಕಾಂಟ್ರಿಬ್ಯೂಷನ್ ಕಟ್ಟಬೇಕು ಅಂತ ಸರ್ಕಾರ ಹೇಳಿತು. ಯಾವ ಬ್ಲಾಕಿಗೆ ಭತ್ತ, ಯಾವ ಬ್ಲಾಕಿಗೆ ಕಬ್ಬು ಅಂತ ಮೇಲಿನಿಂದಲೇ ಕಟ್ಟಳೆ ಆಯಿತು. ಆಗ ದವಸದ ಬೆಲೆ ನೆಲ ಕಚ್ಚಿದ್ದ ಕಾಲ. ಪ್ರಪಂಚವೇ ಮುಗ್ಗಟ್ಟಿನಲ್ಲಿತ್ತು. ಮದ್ದೂರು ಸೀಮೆಯ ಎಚ್.ಕೆ. ವೀರಣ್ಣಗೌಡರ ಮುಂದಾಳತ್ವದಲ್ಲಿ ರೈತರು ಎದ್ದು ನಿಂತರು. ಇರ್ವಿನ್ ನಾಲೆ ಚಳವಳಿ ಅಂತ ಅದಕ್ಕೆ ಹೆಸರು. ನೀರು ಕೊಟ್ಟ ಸರ್ಕಾರವನ್ನೂ ರೈತ ನಿಲ್ಲಿಸಿ ಲೆಕ್ಕ ಕೇಳಬಲ್ಲ ಅನ್ನೋದು ಈ ಸೀಮೆಗೆ ಗೊತ್ತಾದದ್ದು ಆವಾಗ.

ಕಾರ್ಖಾನೆ ವಿಚಾರದಲ್ಲಿ ಮಿರ್ಜಾ ಸಾಹೇಬರ ಕೈ ನಿಲ್ಲಲೇ ಇಲ್ಲ. ಭದ್ರಾವತಿಯಲ್ಲಿ ಕಾಗದ, ಸಿಮೆಂಟು, ಬೆಂಗಳೂರಿನಲ್ಲಿ ಪಿಂಗಾಣಿ, ವಿದ್ಯುತ್ ಬಲ್ಬು, ಚನ್ನಪಟ್ಟಣದಲ್ಲಿ ರೇಷ್ಮೆ, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ಗೊಬ್ಬರ. ಮಳವಳ್ಳಿ ತಾಲ್ಲೂಕಿನ ಶಿಂಷಾ ವಿದ್ಯುತ್ ಕೇಂದ್ರ 1940ರಲ್ಲಿ ಕರೆಂಟು ಕೊಡೋಕೆ ಶುರುಮಾಡಿತು. ವಾಲಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಹಾಕ್ತೀನಿ ಅಂತ ಬಂದಾಗ ಬೆಂಗಳೂರಿನಲ್ಲಿ ಜಾಗ ಕೊಟ್ಟು, ಸಂಸ್ಥಾನದ ದುಡ್ಡನ್ನೂ ಹಾಕಿದರು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಆಯಿತು.

ಶಿವಪುರದ ಬಾವುಟ

ಇಷ್ಟೆಲ್ಲಾ ಮಾಡಿದ ದಿವಾನರಿಗೆ ಒಂದು ವಿಷಯ ಮಾತ್ರ ಬೇಗ ಅರ್ಥವಾಗಲಿಲ್ಲ. ಹೊಟ್ಟೆಗೆ ಅನ್ನ ಸಿಕ್ಕಿದವನು ಆಮೇಲೆ ಬಾಯಿಗೆ ಮಾತು ಕೇಳುತ್ತಾನೆ ಅನ್ನೋದು. ಪ್ರಜಾಪ್ರತಿನಿಧಿ ಸಭೆ 1881ರಿಂದ ಇತ್ತು, ನಿಜ. ತಾಲ್ಲೂಕಿನ ಪ್ರತಿನಿಧಿಗಳು ಬಂದು ನಮ್ಮೂರಿಗೆ ಬಾವಿ ಬೇಕು, ರಸ್ತೆ ಬೇಕು ಅಂತ ಅಹವಾಲು ಹೇಳಿಕೊಳ್ಳೋರು. ದಿವಾನರು ಕೇಳೋರು, ಎಷ್ಟೋ ನಡೆಸಿಕೊಟ್ಟರು. ಆದರೆ ನಡೆಸೋದೂ ಬಿಡೋದೂ ದಿವಾನರ ಇಷ್ಟ. ಜನಕ್ಕೆ ಜವಾಬು ಹೇಳೋ ಸರ್ಕಾರ ಅದಲ್ಲ.

1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆ ಗಣಪತಿ ಗಲಾಟೆ ಆಯಿತು. ದಿವಾನರು ಮುಸಲ್ಮಾನರು ಅನ್ನೋದನ್ನೇ ಮುಂದಿಟ್ಟುಕೊಂಡು ಆಡಬಾರದ ಮಾತು ಆಡಿದವರೂ ಇದ್ದರು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಬಿರುಗಾಳಿ ಹೇಗೋ ದಾಟಿತು. ಮಹಾರಾಜರ ನಂಬಿಕೆ ಕದಲಲಿಲ್ಲ.

ಹತ್ತು ವರ್ಷದ ಮೇಲೆ ಬಂದದ್ದು ಅದಕ್ಕಿಂತ ದೊಡ್ಡದು. 1938ರ ಏಪ್ರಿಲ್ 11. ಮದ್ದೂರು ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ. ಅಧ್ಯಕ್ಷರು ಟಿ. ಸಿದ್ದಲಿಂಗಯ್ಯನವರು. ರಾಷ್ಟ್ರಧ್ವಜ ಏರಿಸಕೂಡದು ಅಂತ ಸರ್ಕಾರದ ನಿಷೇಧಾಜ್ಞೆ. ಸಾವಿರಾರು ಜನ ಸೇರಿದರು. ಬಾವುಟ ಏರಿತು, ಮುಖಂಡರು ಜೈಲಿಗೆ ಹೋದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಮಿರ್ಜಾ ಸಾಹೇಬರ ಆಡಳಿತಕ್ಕೆ ಅಂಟಿದ ರಕ್ತದ ಕಲೆ ಅದು. ಅದನ್ನ ಯಾವ ಬೃಂದಾವನದ ನೀರಿನಿಂದಲೂ ತೊಳೆಯೋಕಾಗೋದಿಲ್ಲ.

ಆಮೇಲೆ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿಯವರು ಬಂದರು. ಮಾತುಕತೆ ಆಯಿತು. ಮೈಸೂರು ಬಾವುಟದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು. ಮಿರ್ಜಾ ಸಾಹೇಬರು ಬಾಗಿದರು. ಒಂದು ತಿಂಗಳು ಮೊದಲೇ ಬಾಗಿದ್ದರೆ ಎಷ್ಟು ಮನೆ ಉಳಿಯುತ್ತಿತ್ತೋ!

ಏಳು ತಾಲ್ಲೂಕಿನ ಜಿಲ್ಲೆ

ಇದಾದ ಮುಂದಿನ ವರ್ಷ, 1939ರ ಜುಲೈ 1ರಂದು, ಮೈಸೂರು ಜಿಲ್ಲೆಯಿಂದ ಒಡೆದು ಮಂಡ್ಯ ಜಿಲ್ಲೆ ಮಾಡಿದರು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಈಗಿನ ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ. ಪಾಂಡವಪುರಕ್ಕೆ ಆಗ ಫ್ರೆಂಚ್ ರಾಕ್ಸ್ ಅಂತಿದ್ದರು. ಕೃಷ್ಣರಾಜಪೇಟೆಗೆ ಅದಕ್ಕೂ ಹಿಂದೆ ಅತ್ತಿಗುಪ್ಪೆ ಅಂತ ಹೆಸರಿತ್ತು.

ಜಿಲ್ಲೆ ಆದರೆ ಏನಾಯಿತು ಅಂತ ಈಗಿನ ಹುಡುಗರು ಕೇಳಬಹುದು. ಅದುವರೆಗೆ ಡೆಪ್ಯುಟಿ ಕಮಿಷನರ್ ಮುಖ ನೋಡಬೇಕು ಅಂದರೆ ಮೈಸೂರಿಗೆ ಹೋಗಬೇಕಿತ್ತು. ಜಮೀನಿನ ತಕರಾರು ಅಂದರೂ ಮೈಸೂರು, ದೊಡ್ಡ ಸಾಹೇಬರಿಗೆ ಅರ್ಜಿ ಅಂದರೂ ಮೈಸೂರು. ಸಂತೆಬಾಚಹಳ್ಳಿಯಂಥ ಊರಿಂದ ಗಾಡಿ ಕಟ್ಟಿ ಹೊರಟರೆ ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ, ಸಾಹೇಬರು ಸಿಗದಿದ್ದರೆ ಛತ್ರದಲ್ಲಿ ಇನ್ನೊಂದು ದಿನ. ಕಚೇರಿ ಹತ್ತಿರ ಬಂದರೆ ಸರ್ಕಾರವೂ ಅಷ್ಟು ಹತ್ತಿರ ಬಂದ ಹಾಗೆ. ನಾಲೆ, ಕಾರ್ಖಾನೆ, ಕಂದಾಯ ಮೂರೂ ಒಂದೇ ಊರಿನಿಂದ ನೋಡಿಕೊಳ್ಳೋ ಹಾಗಾಯಿತು. ಇದು ಮಿರ್ಜಾ ಸಾಹೇಬರ ಆಡಳಿತ ಕೊಟ್ಟ ಗಟ್ಟಿ ಕೊಡುಗೆ.

ಆದರೆ ಜಿಲ್ಲೆ ಆಗಿದ್ದರಿಂದ ನೀರು ಮೇಲಕ್ಕೆ ಹತ್ತಲಿಲ್ಲ. ಇರ್ವಿನ್ ನಾಲೆ ಹರಿದದ್ದು ಕಾವೇರಿ ಪಕ್ಕದ ತಗ್ಗು ಸೀಮೆಗೆ. ಮೇಲಿನ ನಾಗಮಂಗಲಕ್ಕೆ, ಕೃಷ್ಣರಾಜಪೇಟೆಯ ಮೇಡು ಹೋಬಳಿಗಳಿಗೆ ಅದು ದಕ್ಕಲಿಲ್ಲ. ಹೇಮಾವತಿ ದಡದಲ್ಲಿ ಹೇಮಗಿರಿ, ಮಂದಗೆರೆ ಹಳೇ ಕಟ್ಟೆಗಳ ನೀರು ಕಂಡ ಊರು ಬಿಟ್ಟರೆ ಉಳಿದವರಿಗೆ ಕೆರೆಯೇ ಗತಿ, ಮಳೆಯೇ ದೇವರು. ಕನ್ನಂಬಾಡಿಯ ಹಿನ್ನೀರು ಮುಟ್ಟಿದ ತಾಲ್ಲೂಕು, ಕನ್ನಂಬಾಡಿಯ ನಾಲೆ ಮುಟ್ಟದ ತಾಲ್ಲೂಕು! ಈ ಸೀಮೆಗೆ ದೊಡ್ಡ ನಾಲೆಯ ಮಾತು ನಿಜವಾಗಿದ್ದು 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಎದ್ದ ಮೇಲೆ. ಜಿಲ್ಲೆ ಆಗಿ ನಲವತ್ತು ವರ್ಷ ಆಗಿತ್ತು. ಅಷ್ಟರಲ್ಲಿ ಎರಡು ತಲೆಮಾರು ಬೇರೆ ಊರಿನ ಕೂಲಿಗೆ ಹೋಗಿ ಬಂದಿತ್ತು.

ಹೊಯ್ಸಳರ ಕಾಲದ ಗುಡಿ ಇರೋ, ಹೆಸರಿನಲ್ಲೇ ಸಂತೆ ಇಟ್ಟುಕೊಂಡಿರೋ ಊರು ಸಂತೆಬಾಚಹಳ್ಳಿ. ಸುತ್ತಿನ ಹಳ್ಳಿಯವರು ಬಂದು ಕೊಂಡು ಮಾರೋ ಜಾಗ ಆಗಿದ್ದರಿಂದಲೇ ಆ ಹೆಸರು. ಹಾಗಾದರೆ ನಾಲೆ ಸೀಮೆಯ ಊರುಗಳಂತೆ ಯಾಕೆ ಏಳಲಿಲ್ಲ? ರೈಲು ಇತ್ತ ಬರಲಿಲ್ಲ, ನಾಲೆ ಬರಲಿಲ್ಲ, ಕಾರ್ಖಾನೆ ಬರಲಿಲ್ಲ. ಸಂತೆಗೆ ಬರೋನ ಜೇಬು ತುಂಬಿದ್ದರೆ ತಾನೇ ಅಂಗಡಿಯವನ ಜೇಬು ತುಂಬೋದು? ಗುಂಡಿಯಿಲ್ಲದ ರಸ್ತೆ, ಉರಿಯೋ ದೀಪ, ಚೊಕ್ಕಟ ಸಂತೆಮಾಳ, ಇವೆಲ್ಲಾ ಬೇಕು. ಅದರ ಜೊತೆ ಸುತ್ತಿನ ಹೊಲದಲ್ಲಿ ಬೆಳೆಯೂ ಬೇಕು. ಪಟ್ಟಣ ಚೆಂದ ಮಾಡೋದೂ ಸೀಮೆ ಬೆಳೆಸೋದೂ ಒಂದೇ ಕೆಲಸದ ಎರಡು ಮುಖ ಅನ್ನೋದನ್ನ ಮಿರ್ಜಾ ಸಾಹೇಬರು ಮಂಡ್ಯದಲ್ಲಿ ತೋರಿಸಿದರು. ಮಂಡ್ಯದಾಚೆ ಅದನ್ನ ಮುಗಿಸೋಕೆ ಅವರಿಗೆ ಕಾಲ ಸಿಗಲಿಲ್ಲ.

ಉತ್ತರಕ್ಕೆ ಹೋದ ದಿವಾನರು

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಬೆನ್ನಿಗೆ ನಿಂತಿದ್ದ ಗೆಳೆಯ ಹೋದರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಹೊಸ ಅರಸರಿಗೂ ಹಳೇ ದಿವಾನರಿಗೂ ಹೊಂದಲಿಲ್ಲ. 1941ರಲ್ಲಿ ರಾಜೀನಾಮೆ ಕೊಟ್ಟು ಹೊರಟರು.

ಮೈಸೂರಿಗೆ ಬೇಡವಾದವರನ್ನ ಉತ್ತರದ ಜೈಪುರ ಕರೆಯಿತು. 1942ರಿಂದ 1946ರವರೆಗೆ ಅಲ್ಲಿ ಪ್ರಧಾನಮಂತ್ರಿ. ಜೈಪುರ 1727ರಲ್ಲಿ ಲೆಕ್ಕ ಹಾಕಿ ಕಟ್ಟಿದ ಊರು, ಆದರೆ ಕೋಟೆಗೋಡೆಯ ಒಳಗೇ ಕಿಕ್ಕಿರಿದಿತ್ತು. ಮಿರ್ಜಾ ಸಾಹೇಬರು ಅಲ್ಲೂ ಮೈಸೂರಿನ ಚಾಳಿ ಬಿಡಲಿಲ್ಲ. ಬೀದಿ ಸುತ್ತಿದರು, ಗೋಡೆಯಾಚೆಗೆ ಊರು ಬೆಳೆಸಿದರು, ಹಳೇ ಪೇಟೆಯಲ್ಲಿ ಅಂಗಡಿಗಳ ಮುಂದೆ ಬಿಸಿಲು ಮಳೆಗೆ ನೆರಳಾಗಿ ಸಾಲು ಮೊಗಸಾಲೆ ಕಟ್ಟಿಸಿದರು. ಇವತ್ತೂ ಜೈಪುರದ ದೊಡ್ಡ ವ್ಯಾಪಾರದ ರಸ್ತೆಗೆ ಎಂ.ಐ. ರೋಡ್ ಅಂತಾರೆ. ಅಲ್ಲಿ ಸೀರೆ ಕೊಳ್ಳೋಕೆ ಹೋದ ಮಂಡ್ಯದ ಯಾತ್ರಿಕರಿಗೆ ಅದು ಮಿರ್ಜಾ ಇಸ್ಮಾಯಿಲ್ ರೋಡ್ ಅಂತ ಗೊತ್ತಾದರೆ ಆಶ್ಚರ್ಯ ಆಗಬಹುದು.

1946ರಲ್ಲಿ ಹೈದರಾಬಾದಿನ ನಿಜಾಮರು ಕರೆಸಿಕೊಂಡರು. ಹೊಸ ಭಾರತದ ಜೊತೆ ಸಮಾಧಾನವಾಗಿ ಹೋಗೋದೇ ಲೇಸು ಅನ್ನೋದು ಮಿರ್ಜಾ ಸಾಹೇಬರ ನಿಲುವು. ಇತ್ತೆಹಾದಿನವರಿಗೆ ಅದು ಸೇರಲಿಲ್ಲ. ಒಂದು ವರ್ಷ ತುಂಬೋ ಮೊದಲೇ, 1947ರ ಮೇ ತಿಂಗಳಲ್ಲಿ, ಅಲ್ಲಿಂದ ಹೊರಬಂದರು. ಮೈಸೂರಿನಲ್ಲಿ ಹಿಂದೂಗಳ ಕೆಲವರಿಂದ, ಹೈದರಾಬಾದಿನಲ್ಲಿ ಮುಸಲ್ಮಾನರ ಕೆಲವರಿಂದ ಬೈಸಿಕೊಂಡ ಮನುಷ್ಯ. ಎರಡು ಕಡೆಯ ಕಟ್ಟಾಳುಗಳಿಗೂ ಬೇಡವಾಗಿದ್ದರು ಅಂದಮೇಲೆ ಅವರು ಯಾವ ಕಡೆಗೂ ವಾಲಿರಲಿಲ್ಲ ಅಂತಲೇ ಅರ್ಥ.

ಅತ್ತ ಮೈಸೂರಿನಲ್ಲಿ 1947ರ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಶಿವಪುರದಲ್ಲಿ ಕೇಳಿದ್ದು ಒಂಬತ್ತು ವರ್ಷದ ಮೇಲೆ ಸಿಕ್ಕಿತು. ಮಿರ್ಜಾ ಸಾಹೇಬರು ಆಮೇಲೆ ವಿಶ್ವಸಂಸ್ಥೆಯ ಕೆಲಸದ ಮೇಲೆ ಇಂಡೊನೇಷ್ಯಾಕ್ಕೂ ಹೋಗಿಬಂದರು. 1954ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಬರೆದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಲೆಕ್ಕ ಹಾಕಿದರೆ ಹೀಗೆ ನಿಲ್ಲುತ್ತದೆ. ಮಿರ್ಜಾ ಸಾಹೇಬರು ಕೊಟ್ಟರು, ಕೈತುಂಬಾ ಕೊಟ್ಟರು. ಆದರೆ ಎಲ್ಲಿಗೆ ಕೊಡಬೇಕು ಅನ್ನೋದನ್ನ ತಾವೇ ತೀರ್ಮಾನ ಮಾಡಿದರು. ನಾಲೆ ಹರಿದ ಕಡೆ ಜನ ಅವರನ್ನ ನೆನೆದರು, ಹರಿಯದ ಕಡೆ ಕೇಳೋ ಬಾಯಿಗೆ ಬಲ ಇರಲಿಲ್ಲ. ಈಗ ದಿವಾನರಿಲ್ಲ, ಮಹಾರಾಜರಿಲ್ಲ. ಪುರಸಭೆಯೂ ಪಂಚಾಯಿತಿಯೂ ಮತ ಹಾಕಿದ ಜನರವೇ. ಬೆಳಗ್ಗೆ ಎದ್ದು ಬೀದಿ ನೋಡೋ ಕೆಲಸ ಇವತ್ತು ವಾರ್ಡಿನ ಮೆಂಬರದ್ದು. ನೋಡದಿದ್ದರೆ ಹೋಗಿ ಕೇಳೋ ಕೆಲಸ ಅಂಗಡಿ ಬಾಗಿಲು ತೆಗೆಯೋರದ್ದು, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲೋರದ್ದು.